ತಪ್ಪು ಲೆಕ್ಕ ಹೇಳಿದ ಮಷೀನು ಜೋಡಿಸಿದ್ದು ನಾನೇ

ಕಂಪ್ಯೂಟರ್ ಜೋಡಿಸುವ ಕೆಲಸಕ್ಕೆ ಈಗ ಬರುತ್ತಿರುವವರು ಮೊದಲು ಕೇಳುವುದು ದೀಪದ ವಿಷಯ. ಫ್ಯಾನಿಗೆ ಯಾವ ಬಣ್ಣ, ಮೆಮೊರಿಗೆ ಯಾವ ಬಣ್ಣ, ಗಾಜಿನ ಬಾಗಿಲಿನಿಂದ ಒಳಗಿನದೆಲ್ಲ ಹೇಗೆ ಕಾಣುತ್ತದೆ. ಹೋದ ತಿಂಗಳು ಚಿಂತಾಮಣಿಯಲ್ಲಿ ಅಂಗಡಿ ಹಾಕಬೇಕೆಂದಿರುವ ಒಬ್ಬಳು ನನ್ನ ಮನೆ ಹುಡುಕಿಕೊಂಡು ಬಂದು ಇದನ್ನೇ ಕೇಳಿದಳು.

"ಗಿರಾಕಿ ಮನೆಗೆ ಹೋದಾಗ ಪ್ಲಗ್ಗಿಗೆ ಅರ್ಥಿಂಗ್ ಇದೆಯಾ ಅಂತ ನೋಡ್ತೀಯೇನಮ್ಮ?" ಅಂದೆ.

"ಅದು ಎಲೆಕ್ಟ್ರಿಷಿಯನ್ ಕೆಲಸ ಅಲ್ವಾ ಆಂಟಿ?" ಅಂದಳು.

ನನ್ನ ಗಂಟಲು ಏರಿತು. ಅರ್ಥಿಂಗ್ ಇಲ್ಲದ ಮನೆಯಲ್ಲಿ ಲೋಹದ ಕೇಸ್ ಮುಟ್ಟಿದ ಕೈಗೆ ಹೊಡೆಯುವುದು ನಿನ್ನ ಮಷೀನು, ಎಲೆಕ್ಟ್ರಿಷಿಯನ್ ಅಲ್ಲ ಎಂದು ಕೂಗಿದೆ. ಇನ್ನೂ ಏನೇನೋ ಅಂದೆ. ಅವಳು ಅರ್ಧ ಲೋಟ ಕಾಫಿ ಬಿಟ್ಟು ಎದ್ದು ಹೋದಳು. ಕೂಗಾಡದೆ ಹೇಳಬೇಕಾಗಿದ್ದದ್ದನ್ನು ಈಗ ಬರೆಯಲು ಕೂತಿದ್ದೇನೆ. ಬರೆಯುವಾಗಲೂ ಸಿಟ್ಟು ಇಳಿದಿಲ್ಲ. ನಿವೃತ್ತಿಯಾದ ಮೇಲೆ ಮನುಷ್ಯರು ಶಾಂತರಾಗುತ್ತಾರೆಂದು ಹೇಳುತ್ತಾರೆ. ನನಗೆ ಹಾಗೆ ಆಗಲಿಲ್ಲ.

ನನ್ನ ಹೆಸರು ಸುಜಾತ. ಇಪ್ಪತ್ತಾರು ವರ್ಷ ಈ ಕೆಲಸ ಮಾಡಿದೆ. ಮೊದಲ ಮೂರು ವರ್ಷ ಚಿಕ್ಕಬಳ್ಳಾಪುರದಲ್ಲಿ ಇನ್ನೊಬ್ಬರ ಕೈಕೆಳಗೆ, ಉಳಿದದ್ದು ಚಿಂತಾಮಣಿಯಲ್ಲಿ ನನ್ನದೇ ಅಂಗಡಿಯಲ್ಲಿ. ಬೆರಳು ನಡುಗಲು ಶುರುವಾದ ಮೇಲೆ ಮುಚ್ಚಿದೆ. ಪ್ರೊಸೆಸರ್ ಕೂರಿಸುವ ಜಾಗದಲ್ಲಿ ಕೂದಲಿನಷ್ಟು ತೆಳ್ಳಗಿನ ಪಿನ್ನುಗಳು ಸಾಲುಸಾಲಾಗಿ ನಿಂತಿರುತ್ತವೆ. ಒಂದು ಬಾಗಿದರೂ ಬೋರ್ಡು ಹೋಯಿತು. ನಡುಗುವ ಕೈ ಅಲ್ಲಿಗೆ ಹೋಗಬಾರದು.

ಚಿಕ್ಕಬಳ್ಳಾಪುರದ ಯಜಮಾನರ ಹೆಸರು ಶ್ರೀಕಂಠಯ್ಯ ಎಂದಿಟ್ಟುಕೊಳ್ಳಿ. ನನ್ನ ಕೈಯಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಇತ್ತು. ಆದರೂ ಅವರು ನನ್ನನ್ನು ಬಿಲ್ ಬರೆಯಲು ಕೂರಿಸಿದರು. "ಹೆಣ್ಮಕ್ಕಳ ಕೈಗೆ ಸ್ಕ್ರೂಡ್ರೈವರ್ ಕೊಟ್ರೆ ಗಿರಾಕಿಗೆ ನಂಬಿಕೆ ಬರಲ್ಲ ಕಣಮ್ಮ" ಎಂದು ಮುಖಕ್ಕೇ ಹೇಳಿದರು. ಮಷೀನು ತಂದವರಿಗೆಲ್ಲ ಅವರು ಹೇಳುತ್ತಿದ್ದ ಮಾತು ಒಂದೇ, "ಮದರ್‌ಬೋರ್ಡ್ ಹೋಗಿದೆ." ಪರದೆ ಬರದಿದ್ದರೂ ಮದರ್‌ಬೋರ್ಡು, ಫ್ಯಾನ್ ಸದ್ದು ಮಾಡಿದರೂ ಮದರ್‌ಬೋರ್ಡು. ಕೇಸ್ ಬಿಚ್ಚುವ ಮೊದಲೇ ತೀರ್ಪೂ ಹೊಸ ಬೋರ್ಡಿನ ಬಿಲ್ಲೂ ಸಿದ್ಧವಾಗಿರುತ್ತಿದ್ದವು.

ಗೌರಿಬಿದನೂರಿನ ಒಂದು ಶಾಲೆಯಿಂದ ಫೋನ್ ಬಂತು, ಕಂಪ್ಯೂಟರು ಆನ್ ಮಾಡಿದರೆ ಉದ್ದಕ್ಕೆ ಬೀಪ್ ಅನ್ನುತ್ತದೆ, ಪರದೆ ಕಪ್ಪು ಎಂದು. ಯಜಮಾನರು ಫೋನಿನಲ್ಲೇ ಬೋರ್ಡು ಹೋಗಿದೆ ಎಂದು ಹೇಳಿ, ಮಷೀನನ್ನು ತರಲು ನನ್ನನ್ನು ಬಸ್ಸಿನಲ್ಲಿ ಕಳಿಸಿದರು. ಹೋದೆ. ಆ ಉದ್ದ ಬೀಪು ಕೇಳಿದರೆ ಮೊದಲು ಮೆಮೊರಿ ನೋಡಬೇಕು ಎಂದು ಕಾಲೇಜಿನಲ್ಲೇ ಕಲಿಸಿದ್ದರು. ಕೇಸ್ ಬಿಚ್ಚಿದೆ, ಮೆಮೊರಿ ಪಟ್ಟಿ ತೆಗೆದೆ, ಐದನೇ ಕ್ಲಾಸಿನ ಒಂದು ಮಗುವಿನಿಂದ ಪೆನ್ಸಿಲ್ ಅಳಿಸುವ ರಬ್ಬರ್ ಇಸ್ಕೊಂಡು ಅದರ ಹಿತ್ತಾಳೆ ಬಣ್ಣದ ಹಲ್ಲುಗಳನ್ನು ಉಜ್ಜಿ ಮತ್ತೆ ಹಾಕಿದೆ. ಮಷೀನು ಎದ್ದಿತು. ಟೀಚರಮ್ಮ ಮಕ್ಕಳ ಕೈಲಿ ಚಪ್ಪಾಳೆ ಹೊಡೆಸಿದರು.

ನಾನು ಕುಣಿಯುತ್ತ ವಾಪಸ್ ಬಂದು ಹೇಳಿದರೆ ಶ್ರೀಕಂಠಯ್ಯನವರ ಮುಖ ಕಪ್ಪಿಟ್ಟಿತು. "ನಿನ್ನ ಕಳಿಸಿದ್ದು ಮಷೀನ್ ತರೋಕಾ, ರಬ್ಬರಲ್ಲಿ ಉಜ್ಜೋಕಾ?"

"ಸಾರ್, ರಿಪೇರಿ ಆಯ್ತಲ್ಲ."

"ಅದೇ ತಪ್ಪು ನೀನು ಮಾಡಿದ್ದು."

ಆ ವಾರವೇ ಕೆಲಸ ಬಿಟ್ಟೆ. ಒಂದು ಒಳ್ಳೆಯದನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಅನ್ಯಾಯವಾಗುತ್ತದೆ. ಒಳಗೆ ಕೈ ಹಾಕುವ ಮೊದಲು ಕೇಸಿನ ಬರೀ ಲೋಹದ ಮೇಲೆ ಅಂಗೈ ಇಡಬೇಕು, ಮೈಮೇಲಿನ ವಿದ್ಯುತ್ತು ಇಳಿದುಹೋಗಲಿ ಎಂದು ಕಲಿಸಿದವರು ಅವರೇ. ಕೊನೆಯ ದಿನದವರೆಗೂ ಹಾಗೇ ಮಾಡಿದೆ. ಆ ಮನುಷ್ಯನಿಗೆ ಕೆಲಸ ಬರುತ್ತಿತ್ತು. ಬಂದೂ ಸುಳ್ಳು ಹೇಳುತ್ತಿದ್ದರು. ನನಗೆ ತಡೆಯಲಾಗದೇ ಇದ್ದದ್ದು ಅದೇ.

ಚಿಂತಾಮಣಿಯಲ್ಲಿ ಅಂಗಡಿ ಹಾಕಿದ ಮೇಲೆ ಇನ್ನೊಂದು ತರದ ಸಿಟ್ಟು ಶುರುವಾಯಿತು. ಬಾಗಿಲಲ್ಲಿ ನಿಂತವರು ನನ್ನ ತಲೆಯ ಮೇಲಿಂದ ಒಳಗೆ ನೋಡುತ್ತ, "ಗಂಡಸ್ರು ಯಾರೂ ಇಲ್ವಾಮ್ಮ?" ಅನ್ನುವರು. ಕನ್ನಡದಲ್ಲಿ ಕೇಳುವರು, ತೆಲುಗಿನಲ್ಲಿ ಕೇಳುವರು, ಉರ್ದುವಿನಲ್ಲೂ ಕೇಳುವರು. ಮೊದಮೊದಲು ನಕ್ಕು ಸುಮ್ಮನಾಗುತ್ತಿದ್ದೆ. ಆಮೇಲೆ "ಮಷೀನ್ ಕೆಟ್ಟಿದ್ಯಾ, ಗಂಡಸರು ಬೇಕಾ? ಗಂಡಸರು ಬೇಕಿದ್ರೆ ಸಂತೇಲಿ ಸಿಗ್ತಾರೆ ಹೋಗಿ" ಎಂದು ಹೇಳಲು ಕಲಿತೆ. ನಾನು ಹೇಳುವ ದೋಷವನ್ನು ಯಾರೂ ಮೊದಲ ಸಲಕ್ಕೆ ನಂಬುತ್ತಿರಲಿಲ್ಲ. ಪವರ್ ಸಪ್ಲೈ ಹೋಗಿದೆ ಎಂದರೆ ತಲೆಯಾಡಿಸಿ ಹೋಗಿ, ಇನ್ನೆಲ್ಲೋ ಕೇಳಿ, ಮೂರು ದಿನದ ಮೇಲೆ ಅದೇ ಮಷೀನನ್ನು ಹೊತ್ತು ತರುವರು. ಇದನ್ನು ನೆನಪಿಟ್ಟುಕೊಳ್ಳಿ. ನಾನು ಮಾಡಿದ ದೊಡ್ಡ ತಪ್ಪನ್ನು ಹೇಳುವಾಗ ಇದು ನನಗೇ ತಿರುಗಿ ಹೊಡೆಯುತ್ತದೆ.

ನಂಬಿದ ಮೊದಲ ಗಿರಾಕಿ ನಯಾಜ್. ಮದುವೆ ವಿಡಿಯೋ ಮಾಡುತ್ತಿದ್ದ. ಚಿಂತಾಮಣಿಯಲ್ಲಿ ಮುಹೂರ್ತದ ದಿನ ನಾಲ್ಕು ಛತ್ರದಲ್ಲಿ ನಾಲ್ಕು ಮದುವೆ ನಡೆದರೆ ಎರಡಕ್ಕಾದರೂ ಅವನದೇ ಕ್ಯಾಮೆರಾ. ಎಡಿಟಿಂಗ್ ಮುಗಿದ ಮೇಲೆ ಮಷೀನು ಇಡೀ ವಿಡಿಯೋವನ್ನು ಕೂಡಿಸಿ ಕೊಡಲು ದಿನಗಟ್ಟಲೆ ಒದ್ದಾಡುತ್ತಿತ್ತು. "ಆಪಾ, ಹೊಸ ಜೋಡಿಗೆ ಮಗು ಹುಟ್ಟಿದ್ ಮೇಲೆ ಸೀಡಿ ಕೊಟ್ರೆ ಏನ್ ಪ್ರಯೋಜನ? ಇದನ್ನ ಓಡೋ ಹಂಗೆ ಮಾಡಿ" ಅಂದ.

ಪ್ರೊಸೆಸರನ್ನು ಅದರ ಕಂಪನಿ ಗೊತ್ತುಮಾಡಿದ ವೇಗಕ್ಕಿಂತ ಹೆಚ್ಚು ವೇಗದಲ್ಲಿ ಓಡಿಸುವುದಕ್ಕೆ ಓವರ್‌ಕ್ಲಾಕಿಂಗ್ ಅನ್ನುತ್ತಾರೆ. ಆಗ ಅದಕ್ಕೆ ಬೋರ್ಡಿನ ಮೇಲಿನ ಜಂಪರ್ ಬದಲಿಸಬೇಕಿತ್ತು. ಜಂಪರ್ ಅಂದರೆ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ ಪ್ಲಾಸ್ಟಿಕ್ ಟೋಪಿ. ಎರಡು ಪಿನ್ನಿನ ಮೇಲಿಂದ ಕಿತ್ತು ಪಕ್ಕದ ಎರಡು ಪಿನ್ನಿಗೆ ಚಿಮಟದಲ್ಲಿ ಹಾಕಬೇಕು. ತಪ್ಪಾದರೆ ಪ್ರೊಸೆಸರ್ ಸುಟ್ಟ ವಾಸನೆ ಅಂಗಡಿ ತುಂಬುತ್ತದೆ. ಒಂದು ಹೆಜ್ಜೆ ಏರಿಸಿದೆ, ಚೆನ್ನಾಗಿ ಓಡಿತು. ಆಸೆಯಾಯಿತು, ಇನ್ನೊಂದು ಹೆಜ್ಜೆ ಏರಿಸಿದೆ. ಮಷೀನು ನಿಲ್ಲಲಿಲ್ಲ, ಕೂಗಲಿಲ್ಲ. ಕೆಲಸ ಮುಗಿಸಿ ಕೊಟ್ಟಿತು. ನಯಾಜ್ ವಿಡಿಯೋ ಹಾಕಿ ನೋಡಿದರೆ ಮದುಮಗಳ ಕೆನ್ನೆಯ ಮೇಲೆ ಹಸಿರು ಚೌಕಗಳು ಬಂದು ಬಂದು ಹೋಗುತ್ತಿದ್ದವು.

"ಇದೇನ್ ಆಪಾ, ಹುಡುಗೀಗೆ ಪಾಚಿ ಕಟ್ಟಿದೆ?"

ವೇಗ ಹೆಚ್ಚಾದರೆ ಮಷೀನು ಯಾವಾಗಲೂ ಸತ್ತು ಬೀಳುವುದಿಲ್ಲ, ಕೆಲವು ಸಲ ಮೆತ್ತಗೆ ತಪ್ಪು ಲೆಕ್ಕ ಹಾಕಿ ಸರಿ ಲೆಕ್ಕದಂತೆ ಕೊಡುತ್ತದೆ ಎಂದು ನಾನು ಕಣ್ಣಾರೆ ಕಂಡದ್ದು ಅವತ್ತು. ಒಂದು ಹೆಜ್ಜೆ ಇಳಿಸಿದೆ. ಎರಡು ಹಗಲು ಪಕ್ಕದಲ್ಲೇ ಕೂತು, ಬೇರೆ ಬೇರೆ ವಿಡಿಯೋ ಓಡಿಸಿ, ಒಂದೊಂದು ಚಿತ್ರವನ್ನೂ ನೋಡಿದ ಮೇಲೆ ಮಷೀನು ಬಿಟ್ಟುಕೊಟ್ಟೆ. ಅದು ಅವನ ಹತ್ತಿರ ಆರು ವರ್ಷ ದುಡಿಯಿತು.

ಇನ್ನೊಂದು ಸಂಗತಿಯನ್ನು ಹೇಳಲೇಬೇಕು. ಶಿಡ್ಲಘಟ್ಟ ತಾಲ್ಲೂಕಿನ ಸಾದಲಿ ಹತ್ತಿರ ಚೌಡರೆಡ್ಡಿ ಎಂಬ ರೇಷ್ಮೆ ಹುಳ ಸಾಕುವವರ ಮನೆ. ಅವರ ಸೊಸೆ ಮನೆಯಲ್ಲೇ ಡಿಟಿಪಿ ಮಾಡುತ್ತಿದ್ದಳು. ಮೂರು ನಾಲ್ಕು ತಿಂಗಳಿಗೊಮ್ಮೆ ಮಷೀನು ಸಾಯುತ್ತಿತ್ತು. ನಾನು ಹೋಗುವ ಮೊದಲು ನಾಲ್ಕು ಜನ ಬಂದು ನಾಲ್ಕು ಬೋರ್ಡು ಬದಲಿಸಿದ್ದರು. ಚೌಡರೆಡ್ಡಿ ಬಾಗಿಲಲ್ಲೇ ರೇಗಿದರು. "ಏಮಮ್ಮಾ, ನೀನೂ ಬೋರ್ಡೇ ಹಾಕ್ತೀಯಾ? ಹಂಗಾದ್ರೆ ಇಲ್ಲಿಂದ್ಲೇ ಹೋಗಿಬಿಡು."

ಬೋರ್ಡು ತೆಗೆದು ಬೆಳಕಿಗೆ ಹಿಡಿದೆ. ತಾಮ್ರ ಕಾಣುವ ಕಡೆಯೆಲ್ಲ ಹಸಿರು ಕಿಲುಬು. ಬ್ಲೀಚಿಂಗ್ ಪೌಡರ್ ಡಬ್ಬ ತೆರೆದಂತೆ ಒಂದು ವಾಸನೆ ಮೂಗಿಗೆ ಬಂತು. "ಹುಳದ ಮನೆ ಎಲ್ಲಿ?" ಎಂದೆ. ಗೋಡೆಯ ಆಚೆಗೇ ಇತ್ತು. ಒಂದು ಬೆಳೆ ಮುಗಿದ ಮೇಲೆ ರೋಗ ಬರದಿರಲೆಂದು ಆ ಮನೆಯನ್ನೆಲ್ಲ ಬ್ಲೀಚಿಂಗ್ ಪೌಡರ್ ನೀರಿನಲ್ಲಿ ತೊಳೆಯುತ್ತಾರೆ. ಆ ಗಾಳಿ ಕಿಟಕಿಯಿಂದ ಈಚೆ ಬಂದು, ಫ್ಯಾನು ಅದನ್ನು ಎಳೆದುಕೊಂಡು, ತಾಮ್ರವನ್ನು ತಿನ್ನುತ್ತಿತ್ತು. ಮಷೀನನ್ನು ಮನೆಯ ಇನ್ನೊಂದು ತುದಿಗೆ ಒಯ್ದು ಇಟ್ಟೆವು. ಆಮೇಲೆ ಅದು ಸಾಯಲಿಲ್ಲ.

ನನಗೆ ಸಿಟ್ಟು ಬಂದದ್ದು ಆ ನಾಲ್ಕು ಜನರ ಮೇಲೆ. ಸೊಸೆ ಅವರಿಗೆ ಪ್ರತಿ ಸಲವೂ ಹೇಳಿದ್ದಳಂತೆ, "ಹುಳದ ಮನೆ ತೊಳೆದ ಮೇಲೇನೇ ಹಿಂಗಾಗುತ್ತೆ" ಎಂದು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮಷೀನಿನ ಜೊತೆ ದಿನಾ ಬದುಕುವವಳು ಅವಳು. ಬಂದು ಅರ್ಧ ಗಂಟೆ ಇರುವವರಿಗೆ ಅವಳ ಮಾತು ಬೇಡವಾಗಿತ್ತು. ಇದನ್ನು ನಾನು ಎಷ್ಟು ಜನರಿಗೆ ಉಪದೇಶ ಮಾಡಿದೆ! ಕೆಲಸ ಕೇಳಿ ಬಂದವರಿಗೆಲ್ಲ ಸಾದಲಿಯ ಕತೆ ಹೇಳಿ, ಗಿರಾಕಿಯ ಮಾತನ್ನು ಮೊದಲು ಕೇಳಿ ಎಂದು ಬೆರಳು ತೋರಿಸಿದೆ.

ಅಷ್ಟರಲ್ಲಿ ಕೆಲಸದ ರೀತಿ ಬದಲಾಯಿತು. ಜಂಪರ್ ಹೋಯಿತು. ಮಷೀನು ಏಳುವಾಗ ಒಂದು ಕೀಲಿ ಒತ್ತಿದರೆ ಪರದೆಯ ಮೇಲೆ ಪಟ್ಟಿ ಬರುತ್ತದೆ, ಪ್ರೊಸೆಸರ್ ವೇಗ, ಮೆಮೊರಿ ವೇಗ, ವೋಲ್ಟೇಜು ಎಲ್ಲ ಅಲ್ಲೇ. ಬಾಣದ ಕೀಲಿ ಒತ್ತಿ ಏರಿಸಿದರೆ ಆಯಿತು. ತೀರಾ ಹೆಚ್ಚಾಗಿ ಮಷೀನು ಏಳದಿದ್ದರೆ ಬೋರ್ಡು ತಾನೇ ಹಳೆಯ ವೇಗಕ್ಕೆ ಇಳಿಸಿಕೊಳ್ಳುತ್ತದೆ. ಕೈಯಲ್ಲಿ ಚಿಮಟ ಇದ್ದಾಗ ಹೆದರುತ್ತಿದ್ದೆವು, ಹೆದರುತ್ತಿದ್ದುದರಿಂದ ಪರೀಕ್ಷೆ ಮಾಡುತ್ತಿದ್ದೆವು. ಹೆದರಿಕೆ ಹೋದ ಮೇಲೆ ಪರೀಕ್ಷೆಯೂ ಹೋಯಿತು. ಬೇರೆಯವರದು ಬಿಡಿ, ನನ್ನದೂ ಹೋಯಿತು.

ಭವ್ಯ ಬಂದದ್ದು ಆ ಕಾಲದಲ್ಲಿ. ಶಿಡ್ಲಘಟ್ಟದ ಕಡೆಯ ದಿಬ್ಬೂರಹಳ್ಳಿಯವಳು, ಸಿವಿಲ್ ಡಿಪ್ಲೊಮಾ ಮಾಡಿದ್ದಳು, ಡ್ರೋನಿನಲ್ಲಿ ನೆಲದ ಫೋಟೋ ತೆಗೆದು ನಕ್ಷೆ ಮಾಡುವುದು ಕಲಿತಿದ್ದಳು. ಮಾತು ಕಮ್ಮಿ. ಕೇಳಿದ್ದಕ್ಕೆ ಉತ್ತರ ಕೊಡುವ ಮೊದಲು ಒಂದು ಕ್ಷಣ ಯೋಚಿಸುವಳು. ಅವಳ ತಾಯಿಯ ಊರಿನ ಕೆರೆಯ ವಿಷಯ ಹೇಳಿದಳು. ಊರಿನ ಹೆಸರು ಇಲ್ಲಿ ಬೇಡ. ಆ ಕೆರೆಗೆ ನೀರು ತರುವ ಕಾಲುವೆಯನ್ನು ಒಬ್ಬರು ಮಟ್ಟ ಮಾಡಿ, ಕಲ್ಲು ನೆಟ್ಟು, ಸೈಟು ಮಾಡಿದ್ದರು. ಊರಿನವರು ತಾಲ್ಲೂಕು ಕಚೇರಿಗೆ ದೂರು ಕೊಟ್ಟರೆ, ಅಲ್ಲಿ ಕಾಲುವೆಯೇ ಇರಲಿಲ್ಲ, ನೆಲವೂ ಕೆರೆಯ ಕಡೆಗೆ ಇಳಿಜಾರಿಲ್ಲ ಎಂದು ಸೈಟಿನವರ ವಾದ. ಭವ್ಯ ಡ್ರೋನ್ ಹಾರಿಸಿ ನೂರಾರು ಫೋಟೋ ತೆಗೆದಿದ್ದಳು. ಅವನ್ನೆಲ್ಲ ಕೂಡಿಸಿ ನೆಲದ ಏರು ತಗ್ಗು ಲೆಕ್ಕ ಹಾಕಿ, ಮಳೆ ಬಿದ್ದರೆ ನೀರು ಎಲ್ಲಿ ಹರಿಯುತ್ತದೆ ಎಂದು ಮಷೀನು ತೋರಿಸಬೇಕಿತ್ತು.

"ಒಂದ್ ಸಲ ಓಡೋಕೆ ಎರಡೂವರೆ ದಿನ ಹಿಡೀತಿದೆ ಮೇಡಂ. ವಿಚಾರಣೆಗೆ ಮುಂಚೆ ಮೂರ್ನಾಲ್ಕು ಸಲ ಓಡಿಸ್ಬೇಕು. ಏನಾದ್ರೂ ಮಾಡೋಕಾಗುತ್ತಾ?"

ಆಗುತ್ತದೆ ಎಂದೆ. ಹೊಸದಾಗಿ ಜೋಡಿಸಿಕೊಟ್ಟೆ, ಒಳ್ಳೆಯ ಬೋರ್ಡು, ಒಳ್ಳೆಯ ಪವರ್ ಸಪ್ಲೈ, ದಪ್ಪ ಕೂಲರು. ಪ್ರೊಸೆಸರ್ ವೇಗ ಏರಿಸಿದೆ. ಜೊತೆಗೆ ಮೆಮೊರಿಯ ವೇಗವನ್ನೂ ಏರಿಸಿದೆ. ಅದು ಫೆಬ್ರವರಿ, ಬಿಸಿಲು ಇನ್ನೂ ಏರಿರಲಿಲ್ಲ. ನನ್ನ ಅಂಗಡಿಯಲ್ಲಿ ಫ್ಯಾನ್ ಕೆಳಗೆ ಅರ್ಧ ಗಂಟೆ ಪರೀಕ್ಷೆ ಮಾಡಿ ಕಳಿಸಿದೆ. ಅರ್ಧ ಗಂಟೆ! ನಯಾಜನ ವಿಡಿಯೋದ ಮದುಮಗಳ ಕೆನ್ನೆಗೆ ಎರಡು ಹಗಲು ಕೊಟ್ಟವಳು ಒಂದು ಊರಿನ ಕೆರೆಗೆ ಅರ್ಧ ಗಂಟೆ ಕೊಟ್ಟೆ. ಮಷೀನು ಇರುವ ಜಾಗ ನೋಡಲು ಹೋಗಲೂ ಇಲ್ಲ. ಹೋಗಿದ್ದರೆ ಅದು ಬಿಸಿಲಿಗೆ ಒಲೆಯಂತೆ ಕಾಯುವ ಸಿಮೆಂಟ್ ಶೀಟಿನ ಕೋಣೆ, ವೇಗ ಏರಿಸಿದ ಮೆಮೊರಿ ಆ ಬಿಸಿ ತಡೆಯುವುದಿಲ್ಲ ಎಂದು ಗೊತ್ತಾಗುತ್ತಿತ್ತು.

ಏಪ್ರಿಲ್‌ನಲ್ಲಿ ಅವಳ ಫೋನು ಬಂತು. ಅಂಗಡಿಯಲ್ಲಿ ಜನ ಇದ್ದರು.

"ಮೇಡಂ, ಈಗ ಅರ್ಧ ದಿನಕ್ಕೇ ಮುಗೀತಿದೆ. ಆದ್ರೆ ಅದೇ ಫೋಟೋ, ಅದೇ ಸೆಟ್ಟಿಂಗು. ಎರಡು ಸಲ ಓಡಿಸಿದ್ರೆ ಎರಡು ಉತ್ತರ ಬರ್ತಿದೆ. ಒಂದು ಕಡೆ ಎತ್ತರ ಬೇರೆ ಬೇರೆ ಇದೆ."

"ನೀನೇ ಏನೋ ಬದಲಾಯಿಸಿರ್ತೀಯ ಕಣಮ್ಮ."

"ಇಲ್ಲ ಮೇಡಂ. ಎರಡು ಸಲ ಚೆಕ್ ಮಾಡ್ದೆ. ಮಧ್ಯಾಹ್ನ ಬಿಸಿಲಲ್ಲಿ ಓಡಿಸಿದಾಗ್ಲೇ ಹಿಂಗಾಗ್ತಿದೆ ಅನ್ಸುತ್ತೆ."

"ನೋಡಮ್ಮ, ನಾನು ಎಷ್ಟು ವರ್ಷದಿಂದ ಜೋಡಿಸ್ತಿದೀನಿ ಗೊತ್ತಾ? ಮಷೀನ್ ಕೆಟ್ರೆ ನಿಂತ್‌ಹೋಗುತ್ತೆ, ನೀಲಿ ಪರದೆ ಬರುತ್ತೆ. ಸುಮ್ಸುಮ್ನೆ ತಪ್ಪು ಹೇಳಲ್ಲ. ರೀಸ್ಟಾರ್ಟ್ ಮಾಡಿ ಓಡಿಸು."

"ಸರಿ ಮೇಡಂ" ಅಂದಳು.

ನಾನು ಹೇಳಿದ್ದು ಸುಳ್ಳು, ಸುಳ್ಳೆಂದು ನನಗೆ ಗೊತ್ತಿತ್ತು. ಮಷೀನು ಸುಮ್ಮನೆ ತಪ್ಪು ಹೇಳುತ್ತದೆ ಎಂದು ಈ ಊರಿನಲ್ಲಿ ಬೇರೆ ಯಾರಿಗೆ ಗೊತ್ತಿಲ್ಲದಿದ್ದರೂ ನನಗೆ ಗೊತ್ತಿತ್ತು. ಮೋಸ ಮಾಡಲೆಂದು ಹೇಳಿದ ಸುಳ್ಳಲ್ಲ. ಮುಂದೆ ಗಿರಾಕಿಗಳು ನಿಂತಿದ್ದರು, ಅವರೆದುರಿಗೆ ನಾನು ಜೋಡಿಸಿದ ಮಷೀನು ಸರಿಯಿಲ್ಲ ಎಂದು ಒಪ್ಪಿಕೊಳ್ಳಲು ಮನಸ್ಸು ಬರಲಿಲ್ಲ. ಇಪ್ಪತ್ತು ಚಿಲ್ಲರೆ ವರ್ಷ ನನ್ನ ತಲೆಯ ಮೇಲಿಂದ ಒಳಗೆ ಇಣುಕಿದವರನ್ನು ಬೈದವಳು, ಆ ಹುಡುಗಿಯ ತಲೆಯ ಮೇಲಿಂದ ನಾನೂ ಹಾಗೇ ನೋಡಿದೆ.

ಅವಳು ರೀಸ್ಟಾರ್ಟ್ ಮಾಡಿದಳು. ಇನ್ನೊಂದು ಸಲ ಓಡಿಸುವಷ್ಟೇ ಸಮಯ ಉಳಿದಿತ್ತು. ಬಂದದ್ದನ್ನು ಪೂರ್ತಿ ತಾಳೆ ನೋಡಲು ಹೊತ್ತಿಲ್ಲದೆ ವಿಚಾರಣೆಯ ದಿನ ಬೆಳಿಗ್ಗೆ ಪ್ರಿಂಟ್ ಹಾಕಿಸಿ ಒಯ್ದಳು. ಅಲ್ಲಿ ನಡೆದದ್ದನ್ನು ಅವಳ ಸೋದರಮಾವ ಹನುಮಂತರಾಯಪ್ಪ ಆಮೇಲೆ ನನಗೆ ಹೇಳಿದರು. ಸೈಟಿನವರ ಪರವಾಗಿ ಬಂದಿದ್ದ ವಕೀಲರು ನಕ್ಷೆಯನ್ನು ಮೇಜಿನ ಮೇಲೆ ಹರಡಿ, ಅಂಗೈಯಗಲದ ಒಂದು ಜಾಗದ ಮೇಲೆ ಬೆರಳಿಟ್ಟು, ಅಲ್ಲಿ ಬರೆದಿದ್ದ ಎತ್ತರವನ್ನು ಗಟ್ಟಿಯಾಗಿ ಓದಿದರಂತೆ. ಕೆಳಗಡೆ ಇರಬೇಕಾದ ನೆಲ ಅಲ್ಲಿ ಮೇಲಕ್ಕೆ ಎದ್ದಿತ್ತು. ನೀರಿನ ಬಾಣದ ಗುರುತು ಅದರ ಮೇಲೆ ಹತ್ತಿ ಹೋಗಿತ್ತು.

ಅಧಿಕಾರಿ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, "ಏನಮ್ಮಾ, ನಿಮ್ಮೂರಲ್ಲಿ ನೀರು ಗುಡ್ಡ ಹತ್ತುತ್ತಾ?" ಅಂದರಂತೆ. ಕೋಣೆ ತುಂಬಾ ನಗು. ಜವಾನನೂ ನಕ್ಕ, ಬಾಗಿಲಲ್ಲಿ ನಿಂತವರೂ ನಕ್ಕರು. ಭವ್ಯ ನಕ್ಷೆ ಮಡಿಸಿ ಚೀಲಕ್ಕೆ ಹಾಕಿಕೊಂಡು ಹೊರಗೆ ಬಂದಳು. ಊರಿನವರ ಅರ್ಜಿ ತಳ್ಳಿಹಾಕುವ ಮಾತು ಅವತ್ತೇ ಬಂತು. ಅವಳ ಜೊತೆ ಹೋಗಿದ್ದ ಊರಿನ ಹಿರಿಯರಲ್ಲಿ ಒಬ್ಬರು ಬಸ್ ಸ್ಟ್ಯಾಂಡಿನಲ್ಲಿ, "ಇಂಥಾ ಕೆಲಸಕ್ಕೆ ಹುಡುಗೀರ್ನ ನಂಬಬಾರ್ದಿತ್ತು" ಎಂದು ಅವಳಿಗೆ ಕೇಳುವಂತೆಯೇ ಹೇಳಿದರಂತೆ.

ಮಾರನೇ ದಿನ ಅವಳು ಮಷೀನನ್ನು ಆಟೋದಲ್ಲಿ ತಂದು ನನ್ನ ಮೇಜಿನ ಮೇಲೆ ಇಟ್ಟಳು. "ನೀವೇ ನೋಡಿ ಮೇಡಂ." ಅಷ್ಟೇ.

ಮಹಡಿಯ ಮೇಲೆ ನನ್ನದೊಂದು ಶೀಟಿನ ಕೋಣೆ ಇತ್ತು. ಮಧ್ಯಾಹ್ನದ ಬಿಸಿಲಲ್ಲಿ ಅಲ್ಲಿಗೆ ಒಯ್ದು ಮೆಮೊರಿ ಪರೀಕ್ಷೆ ಹಾಕಿದೆ. ಮೆಮೊರಿಯಲ್ಲಿ ಏನು ಬರೆದಿತ್ತೋ ಅದೇ ವಾಪಸ್ ಬರುತ್ತದೆಯೇ ಎಂದು ನೋಡುವ ಪರೀಕ್ಷೆ ಅದು. ತಪ್ಪಿದ್ದರೆ ಪರದೆಯ ಮೇಲೆ ಕೆಂಪು ಸಾಲು ಬರುತ್ತದೆ. ನಲವತ್ತು ನಿಮಿಷ ಏನೂ ಇಲ್ಲ. ಆಮೇಲೆ ಒಂದು ಸಾಲು. ಸ್ವಲ್ಪ ಹೊತ್ತಿಗೆ ಇನ್ನೊಂದು. ಭವ್ಯ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದಳು. ಬೆವರು ಇಳಿಯುತ್ತಿದ್ದರೂ ಹೊರಗೆ ಹೋಗಲಿಲ್ಲ. ನಾನು ಅವಳ ಮುಖ ನೋಡಲಿಲ್ಲ. ಸಾಲುಗಳನ್ನು ನೋಡುತ್ತ ಕೂತೆ. ನಾಚಿಕೆಯಾಯಿತು. ನಾಚಿಕೆ ಆರಿದ ಮೇಲೆ ಎಲ್ಲರ ಮೇಲೂ ಒಟ್ಟಿಗೆ ಸಿಟ್ಟು ಬಂತು. ನಕ್ಕವರ ಮೇಲೆ, ಕಾಲುವೆ ಮುಚ್ಚಿದವನ ಮೇಲೆ, ಎಲ್ಲಕ್ಕಿಂತ ಹೆಚ್ಚು ನನ್ನ ಮೇಲೆ.

ಎರಡು ವೇಗವನ್ನೂ ಕಂಪನಿ ಹೇಳಿದಷ್ಟಕ್ಕೇ ಇಳಿಸಿದೆ. ಆಮೇಲೆ ಅವಳ ಜೊತೆ ಆ ಕಚೇರಿಗೆ ಹೋದೆ.

"ನೀವ್ಯಾರು?" ಅಂದರು ಅಧಿಕಾರಿ.

"ಆ ಮಷೀನ್ ಜೋಡಿಸಿದವಳು ಸಾರ್. ನಕ್ಷೇಲಿ ತಪ್ಪು ಬಂದಿದ್ದು ಮಷೀನಿಂದ. ಮಷೀನ್ ತಪ್ಪು ನಂದು. ಈ ಹುಡುಗಿ ಲೆಕ್ಕ ಸರಿ ಇದೆ. ಇನ್ನೊಂದು ಅವಕಾಶ ಕೊಡಿ."

"ನಿಮ್ ಅಂಗಡಿ ಯಜಮಾನ್ರನ್ನ ಕಳಿಸಿ, ಅವರ ಹತ್ರ ಮಾತಾಡ್ತೀನಿ."

"ಯಜಮಾನಿ ನಾನೇ."

"ಹಂಗಾದ್ರೆ ಬರ್ಕೊಡಿ" ಎಂದು ಫೈಲಿನ ಕಡೆ ತಿರುಗಿದರು.

ಅಲ್ಲೇ ನಿಂತು ಬರೆದೆ. ನಾನು ಏನು ಏರಿಸಿದ್ದೆ, ಎಷ್ಟು ಹೊತ್ತು ಪರೀಕ್ಷೆ ಮಾಡಿದ್ದೆ, ಅವಳು ಫೋನ್ ಮಾಡಿದಾಗ ಏನು ಹೇಳಿದೆ, ಎಲ್ಲ ಬರೆದು ಸಹಿ ಹಾಕಿದೆ. ಗುಮಾಸ್ತರು ಓದಿ, "ಇಷ್ಟೆಲ್ಲ ಯಾಕಮ್ಮ, ನಿಮ್ ಅಂಗಡಿಗೇ ಕೆಟ್ಟ ಹೆಸರು" ಅಂದರು. ಅದು ನನ್ನ ಅಂಗಡಿ, ಹೆಸರೂ ನನ್ನದೇ ಎಂದೆ. ನಾನು ಬರೆದುಕೊಟ್ಟದ್ದು ಅಲ್ಲಿಂದ ಅಲುಗಾಡಲಿಲ್ಲ. ಮೂರು ವಾರ, ಅಂಗಡಿ ತೆರೆಯುವ ಮೊದಲು, ಆ ಕಚೇರಿಯ ಬೆಂಚಿನ ಮೇಲೆ ಹೋಗಿ ಕೂತೆ. ಸಾಹೇಬರು ಇನ್ನೂ ಬಂದಿಲ್ಲ, ಮೀಟಿಂಗಲ್ಲಿದಾರೆ, ನಾಳೆ ಬನ್ನಿ. ನಾನು ಜಗಳ ಕಾಯುತ್ತೇನೆ ಎಂದು ಜವಾನನಿಗೆ ಭಯವಾಯಿತೇನೋ, ಒಂದು ದಿನ ಅವನೇ ಫೈಲನ್ನು ಮೇಲಕ್ಕೆ ಇಟ್ಟ. ಮರುವಿಚಾರಣೆಗೆ ದಿನ ಕೊಟ್ಟರು.

ಈ ಸಲ ಏನು ಮಾಡಬೇಕೆಂದು ಹೇಳಿದವಳು ಭವ್ಯ. "ಒಂದೇ ಮಷೀನ್ ಬೇಡ ಮೇಡಂ. ಮೂರು ಕಡೆ ಓಡಿಸೋಣ." ಅವಳ ಮಷೀನು, ನನ್ನ ಅಂಗಡಿಯ ಮಷೀನು, ನಯಾಜನ ಸ್ಟುಡಿಯೋದ ಮಷೀನು. ನಯಾಜ್ ಮದುವೆ ಸೀಸನ್ನಿನ ಮಧ್ಯೆ ತನ್ನ ಕೆಲಸ ನಿಲ್ಲಿಸಿ ಬಿಟ್ಟುಕೊಟ್ಟ. "ಕೆರೆಗೆ ಅಂದ್ರೆ ತಗೊಳ್ಳಿ ಆಪಾ, ಮದುಮಕ್ಕಳು ಕಾಯ್ತಾರೆ" ಅಂದ. ಮೂರಕ್ಕೂ ಒಂದೇ ಫೋಟೋ, ಒಂದೇ ಸೆಟ್ಟಿಂಗು. ಎಲ್ಲ ನಿಧಾನ, ಎಲ್ಲ ಕಂಪನಿ ವೇಗ. ಅವಳು ಮೂರು ಫಲಿತಾಂಶವನ್ನೂ ಬೆಳಕು ತೂರುವ ತೆಳು ಹಾಳೆಯ ಮೇಲೆ ಪ್ರಿಂಟ್ ಹಾಕಿಸಿದಳು. ಯಾಕೆ ಎಂದು ಕೇಳಲಿಲ್ಲ. ಆ ಹೊತ್ತಿಗೆ ನಾನು ಸ್ವಲ್ಪ ಕಲಿತಿದ್ದೆ.

ಮರುವಿಚಾರಣೆಗೆ ನಾನೂ ಹೋದೆ. ವಕೀಲರು ಎದ್ದು, "ಹೋದ ಸಲ ಮಷೀನು ತಪ್ಪು ಹೇಳ್ತು ಅಂತಾರೆ. ಈ ಸಲ ಸರಿ ಹೇಳಿದೆ ಅನ್ನೋಕೆ ಏನು ಗ್ಯಾರಂಟಿ?" ಎಂದು ನನ್ನ ಕಡೆ ನೋಡಿದರು. ನಾನು ಬಾಯಿ ತೆರೆಯುವ ಮೊದಲೇ ಭವ್ಯ ಎದ್ದು ಕಿಟಕಿಯ ಹತ್ತಿರ ಹೋದಳು. ಒಂದು ಹಾಳೆಯನ್ನು ಗಾಜಿಗೆ ಅಂಟಿಸಿದಳು. ಅದರ ಮೇಲೆ ಎರಡನೆಯದು, ಅದರ ಮೇಲೆ ಮೂರನೆಯದು. ನಾಲ್ಕು ಮೂಲೆ ಕೂಡಿಸಿ ನಿಲ್ಲಿಸಿ, "ಸಾರ್, ಇಲ್ಲಿಗೆ ಬಂದು ನೋಡಿ" ಅಂದಳು.

ಅಧಿಕಾರಿ ಕೂತಲ್ಲಿಂದಲೇ ನೋಡಿದರು. ಕಾಣಲಿಲ್ಲ. ಏಳಲೇಬೇಕಾಯಿತು. ಎದ್ದು ಹೋಗಿ ಕಿಟಕಿಯ ಮುಂದೆ ನಿಂತರು. ಹೊರಗಿನ ಬಿಸಿಲು ಮೂರು ಹಾಳೆಯನ್ನೂ ತೂರಿ ಬರುತ್ತಿತ್ತು. ಕಾಲುವೆಯ ಗೆರೆ ಮೂರರಲ್ಲೂ ಒಂದೇ ಆಗಿ, ದಪ್ಪಗೆ, ಸೈಟುಗಳ ಮಧ್ಯೆ ಹಾದು ಕೆರೆಗೆ ಇಳಿಯುತ್ತಿತ್ತು.

"ಮೂರು ಬೇರೆ ಬೇರೆ ಮಷೀನು ಸಾರ್. ಇದು ಹಳೇ ಗ್ರಾಮ ನಕ್ಷೆ, ನಕಲು ಸಿಕ್ಕಿದ್ದು ಹೋದ ವಾರ" ಎಂದು ಅವಳು ನಾಲ್ಕನೆಯ ಹಾಳೆಯನ್ನೂ ಅದರ ಮೇಲಿಟ್ಟಳು. ಅಲ್ಲೂ ಗೆರೆ ಅಲ್ಲೇ ಇತ್ತು.

ಯಾರೂ ನಗಲಿಲ್ಲ. "ಸರ್ವೆಯವರನ್ನ ಕಳಿಸ್ತೀನಿ" ಎಂದು ಅಧಿಕಾರಿ ಕುರ್ಚಿಗೆ ವಾಪಸಾದರು. ಹೋದ ಸಲದ ಮಾತಿನ ಬಗ್ಗೆ ಏನೂ ಹೇಳಲಿಲ್ಲ, ಅವಳ ಮುಖವನ್ನೂ ನೋಡಲಿಲ್ಲ. ನಾನು ಏನಾದರೂ ಹೇಳಿಬಿಡುತ್ತಿದ್ದೆ, ಹನುಮಂತರಾಯಪ್ಪ ಕೈಸನ್ನೆ ಮಾಡಿ ಕೂರಿಸಿದರು.

ಸರ್ವೆಯವರು ಬಂದರು, ಅಳತೆ ಹಿಡಿದರು, ಕಾಲುವೆಯ ಎರಡು ದಡಕ್ಕೂ ಗುರುತಿನ ಕಲ್ಲು ನೆಟ್ಟರು. ಕೆರೆಯ ಕಡೆಯ ಅರ್ಧದಲ್ಲಿ ಸೈಟು ತೆಗೆಸಿ ಕಾಲುವೆ ಬಿಡಿಸಿದ್ದಾರೆ. ಮೇಲಿನ ಅರ್ಧದ ಮೇಲೆ ಸೈಟಿನವರು ಕೋರ್ಟಿಗೆ ಹೋಗಿದ್ದಾರೆ. ಅದಿನ್ನೂ ನಡೆಯುತ್ತಿದೆ.

ಕಲ್ಲು ನೆಟ್ಟ ದಿನ ನಾನೂ ಅಲ್ಲಿದ್ದೆ. ವಾಪಸ್ ಬರುವಾಗ ದಿಬ್ಬೂರಹಳ್ಳಿಯವರೆಗೆ ಬಸ್ಸಿನಲ್ಲಿ ಭವ್ಯಳ ಪಕ್ಕ ಕೂತಿದ್ದೆ. ಆ ದಿನದವರೆಗೂ ಅವಳಿಗೆ ಒಂದು ಮಾತು ನೇರವಾಗಿ ಹೇಳಿರಲಿಲ್ಲ. "ಕ್ಷಮಿಸಮ್ಮ. ಸರಿಯಾಗಿ ಟೆಸ್ಟ್ ಮಾಡದೆ ಕೊಟ್ಟೆ. ನನ್ನ ಮಷೀನಿಂದ ನೀನು ಎಲ್ಲರೆದುರಿಗೆ ತಲೆ ತಗ್ಗಿಸೋ ಹಾಗಾಯ್ತು" ಅಂದೆ.

ಅವಳು ಎಂದಿನಂತೆ ಒಂದು ಕ್ಷಣ ಯೋಚಿಸಿದಳು.

"ಮಷೀನ್ ತಪ್ಪಿದ್ದಕ್ಕೆ ನಂಗೆ ಬೇಜಾರಿಲ್ಲ ಮೇಡಂ. ಮಷೀನು ಕೆಡುತ್ತೆ. ಅವರು ನಕ್ಕಿದ್ದಕ್ಕೂ ಅಲ್ಲ. ಅವರು ನಗ್ತಾರೆ ಅಂತ ಗೊತ್ತಿದ್ದೇ ಹೋಗಿದ್ದೆ." ಕಿಟಕಿಯ ಆಚೆ ನೋಡುತ್ತ ಹೇಳಿದಳು, "ಶಿಡ್ಲಘಟ್ಟದಲ್ಲೇ ಮೂರು ಅಂಗಡಿ ಇದಾವೆ. ಅಷ್ಟು ದೂರ ಚಿಂತಾಮಣಿಗೆ ನಿಮ್ಮ ಹತ್ರ ಬಂದಿದ್ದು, ನಾನು ಹೇಳಿದ್ದನ್ನ ನೀವಾದ್ರೂ ಕೇಳಿಸ್ಕೋತೀರ ಅಂತ."

ಅವಳ ಊರು ಬಂತು. ಚೀಲ ಎತ್ತಿಕೊಂಡು, "ಬರ್ತೀನಿ ಮೇಡಂ" ಎಂದು ಇಳಿದು ಹೋದಳು.

ಆಮೇಲೆ ನಾನು ಅಂಗಡಿ ನಡೆಸಿದ ಅಷ್ಟೂ ದಿನ, ಯಾರೇ ಫೋನ್ ಮಾಡಿ ಮಷೀನು ವಿಚಿತ್ರವಾಗಿ ಆಡುತ್ತಿದೆ ಎಂದರೂ ಕೈಯಲ್ಲಿದ್ದ ಕೆಲಸ ಕೆಳಗಿಟ್ಟು ಕೊನೆಯವರೆಗೂ ಕೇಳಿದೆ. ಅದರಲ್ಲಿ ಹೆಚ್ಚಿನವರು ಪ್ಲಗ್ ಹಾಕುವುದನ್ನು ಮರೆತವರು. ಅವರದನ್ನೂ ಕೇಳಿದೆ. ಭವ್ಯ ಮಾತ್ರ ಮತ್ತೆ ಯಾವತ್ತೂ ಫೋನ್ ಮಾಡಲಿಲ್ಲ. ಆ ಮಷೀನು ಚೆನ್ನಾಗಿ ಓಡುತ್ತಿದೆ ಎಂದು ಹನುಮಂತರಾಯಪ್ಪ ಒಮ್ಮೆ ಸಿಕ್ಕಾಗ ಹೇಳಿದರು. ಅವಳು ಫೋನ್ ಮಾಡದೇ ಇದ್ದದ್ದು ಅದಕ್ಕಲ್ಲ ಎಂದು ನನಗೆ ಗೊತ್ತು.